ಎಣ್ಣೆ ಪಾಕೀಟಿನ ಮೇಲೆ ಇಲ್ಲದ ಎರಡು ಅಕ್ಷರ

ಗದಗಿನ ಓದುಗರೊಬ್ಬರು ಬರೆದ ಪತ್ರ:

"ಹೋದ ಸಂಚಿಕೆಯ ಆಹಾರ ಪುಟದಲ್ಲಿ 'ನಮ್ಮ ದೇಶದಲ್ಲಿ ಕುಲಾಂತರಿ ಆಹಾರ ಇನ್ನೂ ಯಾರ ತಾಟಿಗೂ ಬಂದಿಲ್ಲ, ಹೆದರಬೇಡಿ' ಅಂತ ಬರೆದಿದ್ದೀರಿ. ನಮ್ಮ ಮನೆ ಹಿಂದೆ ಜಿನ್ನಿಂಗ್ ಫ್ಯಾಕ್ಟರಿ ಇದೆ. ಅಲ್ಲಿಂದ ಹತ್ತಿಕಾಳು ಲಾರಿಗಟ್ಟಲೆ ಎಣ್ಣೆ ಮಿಲ್ಲಿಗೆ ಹೋಗುವುದನ್ನು ದಿನಾ ನೋಡುತ್ತೇನೆ. ಅದೆಲ್ಲ ಬಿಟಿ ಹತ್ತಿಯದೇ ಅಲ್ವಾ? ಆ ಎಣ್ಣೆ ಯಾರು ತಿನ್ನುತ್ತಾರೆ? ಅದರಿಂದ ತೊಂದರೆ ಇದೆಯಾ? ಇಲ್ಲ ಅಂದರೆ ಪಾಕೀಟಿನ ಮೇಲೆ ಬರೆಯಲು ಏನು ಅಡ್ಡಿ? ನನ್ನ ಮಗ ಕೃಷಿ ಪದವಿ ಓದುತ್ತಿದ್ದಾನೆ. ಕೇಳಿದರೆ 'ಅಮ್ಮ, ಇದು ವಿಜ್ಞಾನ ಗೊತ್ತಿಲ್ಲದವರ ಪ್ರಶ್ನೆ' ಅನ್ನುತ್ತಾನೆ. ಎಮ್ಮೆಗೆ ಹತ್ತಿ ಹಿಂಡಿ ಹಾಕುತ್ತೇವೆ, ಹಾಲಿನ ಗತಿ ಏನು? ಪಪ್ಪಾಯಿ, ಬೀಜ ಇಲ್ಲದ ಕಲ್ಲಂಗಡಿ ತರುವುದನ್ನೂ ಬಿಟ್ಟಿದ್ದೇನೆ. ಕೊನೆಗೊಂದು ಮಾತು, ನಿಮ್ಮ ಮನೆಯಲ್ಲಿ ಯಾವ ಎಣ್ಣೆ?"

ಸಂಪಾದಕರ ಉತ್ತರ:

ಅಕ್ಕಾ, ನೀವು ಹೇಳಿದ್ದು ಸರಿ. ನಾವು ಬರೆದದ್ದು ತಪ್ಪು. ಆ ಸಾಲು ಅಚ್ಚಿಗೆ ಹೋಗುವ ಮೊದಲು ನಾನೇ ಓದಿದ್ದೆ, ಕಣ್ಣಿಗೆ ಬೀಳಲಿಲ್ಲ. ನವಲಗುಂದ ಕಡೆಯ ಎರಿ ಹೊಲದಲ್ಲಿ ಹತ್ತಿ ಬಿಡಿಸಿ ಬೆಳೆದವನಿಗೆ ಅದು ಕಾಣಬೇಕಿತ್ತು. ಕ್ಷಮೆ ಇರಲಿ.

ಆ ಸಾಲು ಹೇಗೆ ಬಂತು ಅಂದರೆ, ಹತ್ತಿ ಅಂದರೆ ಬಟ್ಟೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಆದರೆ ಒಂದು ಕ್ವಿಂಟಲ್ ಹತ್ತಿ ಜಿನ್ ಮಾಡಿದರೆ ಅರಳೆ ಸಿಗುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಕಾಳು. ಆ ಕಾಳು ಮಿಲ್ಲಿಗೆ ಹೋಗಿ ಎಣ್ಣೆ ಆಗುತ್ತದೆ, ಹಿಂಡಿ ಆಗುತ್ತದೆ. ಎಣ್ಣೆ ರಿಫೈನ್ ಆಗಿ ಮಾರುಕಟ್ಟೆಗೆ ಬರುತ್ತದೆ. ಗುಜರಾತಿನಲ್ಲಿ ಅದನ್ನು ಕಪಾಸಿಯಾ ಎಣ್ಣೆ ಅಂತ ಹೆಸರು ಹೇಳಿಯೇ ಮಾರುತ್ತಾರೆ, ಹೆಸರು ಹೇಳಿಯೇ ಕೊಳ್ಳುತ್ತಾರೆ. ನಮ್ಮಲ್ಲಿ ಅದು ಹೆಚ್ಚಾಗಿ ಹೆಸರಿಲ್ಲದೆ ಬರುತ್ತದೆ. ಫರಸಾಣದಲ್ಲಿ, ಬಿಸ್ಕೀಟಿನಲ್ಲಿ, ಡಬ್ಬದ ಎಣ್ಣೆಯಲ್ಲಿ.

ಬಿಟಿ ಹತ್ತಿಗೆ, ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಕುಲಾಂತರಿ ಹತ್ತಿಗೆ, ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಅದಕ್ಕೂ ಮೊದಲು, 1998ರಲ್ಲಿ, ಪ್ರೊಫೆಸರ್ ನಂಜುಂಡಸ್ವಾಮಿ ಅವರ ರೈತ ಸಂಘದವರು ರಾಯಚೂರು, ಬಳ್ಳಾರಿ ಕಡೆ ಪ್ರಯೋಗದ ಹೊಲಗಳನ್ನು ಕಿತ್ತು ಸುಟ್ಟಿದ್ದರು. ಈಗ ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಬಿಟಿ. ನಮ್ಮ ಅಪ್ಪ ಬಿತ್ತುತ್ತಿದ್ದ ಜಯಧರ ಹತ್ತಿ ಈಗ ಹುಡುಕಿದರೂ ಸಿಗುವುದು ಕಷ್ಟ. ಆ ಜಯಧರದ ಕಾಳನ್ನು ಅವ್ವ ರಾತ್ರಿ ನೆನೆಸಿ, ಬೆಳಿಗ್ಗೆ ಒರಳಲ್ಲಿ ರುಬ್ಬಿ ಎಮ್ಮೆಗೆ ಇಡುತ್ತಿದ್ದಳು. ಹಾಲಿಗೆ ಬೆಣ್ಣೆ ಚೆನ್ನಾಗಿ ಬರುತ್ತದೆ ಅನ್ನುತ್ತಿದ್ದಳು. ಹಾಗಾಗಿ ನಿಮ್ಮ ಲೆಕ್ಕ ಸರಿ ಇದೆ. ಇವತ್ತಿನ ಹತ್ತಿಕಾಳು ಎಣ್ಣೆ ಅಂದರೆ ಹೆಚ್ಚುಕಡಿಮೆ ಬಿಟಿ ಹತ್ತಿಯ ಎಣ್ಣೆಯೇ. ಅದರ ಜೊತೆ ಅರ್ಜೆಂಟೀನಾ, ಬ್ರೆಜಿಲ್ ದೇಶಗಳಿಂದ ಹಡಗಿನಲ್ಲಿ ಬರುವ ಸೋಯಾ ಎಣ್ಣೆ ಸೇರಿಸಿ. ಅಲ್ಲಿನ ಸೋಯಾ ಬಹುಪಾಲು ಕುಲಾಂತರಿ. ತಾಟಿಗೆ ಬಂದು ಎಷ್ಟೋ ವರ್ಷ ಆಯಿತು.

ಈಗ ತೊಂದರೆ ಇದೆಯಾ ಅನ್ನುವ ಪ್ರಶ್ನೆ. ನನಗೆ ತಿಳಿದಷ್ಟನ್ನು ನೇರವಾಗಿ ಹೇಳುತ್ತೇನೆ.

ಬಿಟಿ ಅಂದರೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಹೆಸರು, ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಅದು ಕ್ರೈ ಅನ್ನುವ ಪ್ರೋಟೀನ್ ತಯಾರಿಸುತ್ತದೆ. ಆ ಪ್ರೋಟೀನಿನ ಜೀನನ್ನು ಹತ್ತಿಗಿಡಕ್ಕೆ ಸೇರಿಸಿದ್ದೇ ಬಿಟಿ ಹತ್ತಿ. ಕಾಯಿಕೊರಕ ಹುಳದ ಕರುಳು ಕ್ಷಾರದ್ದು. ಅಲ್ಲಿ ಈ ಪ್ರೋಟೀನ್ ಕರಗಿ, ಕರುಳಿನ ಗೋಡೆಗೆ ಅಂಟಿ, ತೂತು ಮಾಡುತ್ತದೆ, ಹುಳ ಸಾಯುತ್ತದೆ. ನಮ್ಮ ಹೊಟ್ಟೆ ಆಮ್ಲದ್ದು, ಅದು ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಲ್ಲಿ ಇಲ್ಲ. ಇದೇ ಬ್ಯಾಕ್ಟೀರಿಯಾವನ್ನು ಸಾವಯವ ರೈತರೂ ನೀರಲ್ಲಿ ಕಲಸಿ ಸಿಂಪಡಿಸುತ್ತಾರೆ. ಇನ್ನು ರಿಫೈನ್ ಮಾಡಿದ ಎಣ್ಣೆಯಲ್ಲಂತೂ ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎಣ್ಣೆ ಬರೀ ಕೊಬ್ಬು. ಹತ್ತಿಕಾಳಿನಲ್ಲಿ ನಿಜವಾಗಿ ಹುಷಾರಾಗಿರಬೇಕಾದ ವಸ್ತು ಗಾಸಿಪಾಲ್. ಅದು ಹತ್ತಿಗಿಡದ ಹುಟ್ಟುಗುಣ, ಅಪ್ಪನ ಜಯಧರದಲ್ಲೂ ಇತ್ತು. ರಿಫೈನ್ ಮಾಡುವಾಗ ಅದನ್ನು ತೆಗೆಯುತ್ತಾರೆ, ಅದಕ್ಕೇ ಹತ್ತಿಕಾಳಿನ ಹಸಿ ಎಣ್ಣೆ ತಿನ್ನಬಾರದು. ಎಮ್ಮೆ ಹಾಲಿನ ಬಗ್ಗೆ ಕೇಳಿದಿರಿ. ಎಮ್ಮೆಯ ಹೊಟ್ಟೆ ಆ ಪ್ರೋಟೀನನ್ನು ಉಳಿದ ಮೇವಿನ ಪ್ರೋಟೀನಿನ ಹಾಗೇ ಜೀರ್ಣಿಸುತ್ತದೆ. ಲೇಬಲ್ ವಿಷಯದಲ್ಲಿ ಅಷ್ಟು ಬಿಗಿ ಇರುವ ಯುರೋಪ್ ಕೂಡ ಕುಲಾಂತರಿ ಮೇವು ತಿಂದ ದನದ ಹಾಲಿಗೆ ಗುರುತು ಕೇಳುವುದಿಲ್ಲ.

2016ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಈ ವಿಷಯದ ಮೇಲೆ ದೊಡ್ಡ ವರದಿ ಕೊಟ್ಟವು. ಈಗ ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರದಿಂದ ಸಾಧಾರಣ ಆಹಾರಕ್ಕಿಂತ ಜಾಸ್ತಿ ಅಪಾಯ ಇದೆ ಅನ್ನಲು ಗಟ್ಟಿ ಸಾಕ್ಷಿ ಸಿಗಲಿಲ್ಲ ಅಂತ ಅದು ಹೇಳಿತು. ವಾಟ್ಸಾಪಿನಲ್ಲಿ ಬರುತ್ತದಲ್ಲ, ಗಡ್ಡೆ ಬಂದ ಇಲಿಗಳ ಚಿತ್ರ, ಅದು 2012ರ ಫ್ರಾನ್ಸಿನ ಪ್ರಯೋಗದ್ದು. ಅದರಿಂದ ಯಾವ ತೀರ್ಮಾನಕ್ಕೂ ಬರಲಾಗದು ಅಂತ ಮೊದಲು ಪ್ರಕಟಿಸಿದ ಪತ್ರಿಕೆಯೇ 2013ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಮುಂದಿನ ವರ್ಷ ಬೇರೆ ಪತ್ರಿಕೆಯಲ್ಲಿ ಮತ್ತೆ ಬಂತು, ವಾದ ಮುಗಿಯಲಿಲ್ಲ. ಆದರೂ ಆ ಇಲಿಗಳನ್ನು ನಂಬಿ ನೀವು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ಇಷ್ಟು ಹೇಳಿದ ಮೇಲೆ ನಿಮ್ಮ ಮಗ "ನೋಡಮ್ಮ, ನಾನು ಹೇಳಲಿಲ್ವಾ" ಅನ್ನಬಹುದು. ಅವನಿಗೂ ಒಂದು ಕಥೆ ಇದೆ. 1990ರ ದಶಕದಲ್ಲಿ ಅಮೆರಿಕದ ಒಂದು ಬೀಜ ಕಂಪನಿ ಸೋಯಾದ ಪೌಷ್ಟಿಕತೆ ಹೆಚ್ಚಿಸಲು ಬ್ರೆಜಿಲ್ ನಟ್ ಅನ್ನುವ ಕಾಯಿಯ ಜೀನ್ ಹಾಕಿತು. ಪರೀಕ್ಷೆ ಮಾಡಿದರೆ, ಆ ಕಾಯಿಯ ಅಲರ್ಜಿ ಇದ್ದವರ ರಕ್ತ ಈ ಸೋಯಾಕ್ಕೂ ಕೆರಳಿತು. ಅಲರ್ಜಿ ತರುವ ಪ್ರೋಟೀನೇ ಸೋಯಾಕ್ಕೆ ದಾಟಿಬಿಟ್ಟಿತ್ತು. 1996ರಲ್ಲಿ ಅದರ ವರದಿ ಬಂತು. ಆ ಸೋಯಾ ಅಂಗಡಿ ಮುಟ್ಟಲೇ ಇಲ್ಲ. ಅಂದರೆ ಕೆಟ್ಟದ್ದು ಆಗಲು ಸಾಧ್ಯ ಇದೆ, ಹುಡುಕಿದರೆ ಮೊದಲೇ ಸಿಗಲೂಬಹುದು. 2000ನೇ ಇಸವಿಯಲ್ಲಿ ಮತ್ತೊಂದು ಆಯಿತು. ಬರೀ ದನದ ಮೇವಿಗೆ ಅಂತ ಅನುಮತಿ ಇದ್ದ ಸ್ಟಾರ್‌ಲಿಂಕ್ ಅನ್ನುವ ಮೆಕ್ಕೆಜೋಳ ಅಮೆರಿಕದಲ್ಲಿ ಮನುಷ್ಯರ ತಿಂಡಿಯಲ್ಲಿ ಸಿಕ್ಕಿತು. ಮಾರಿದ ಮಾಲನ್ನೆಲ್ಲ ವಾಪಸ್ ಕರೆಸಬೇಕಾಯಿತು. ಒಂದೊಂದು ಬೆಳೆಯನ್ನೂ ಬೇರೆಬೇರೆಯಾಗಿ ನೋಡಬೇಕು ಅಂತ ತಜ್ಞರು ಹೇಳುವುದು ಇದಕ್ಕೇ. ಹತ್ತಿ ಎಣ್ಣೆಗೆ ತೊಂದರೆ ಇಲ್ಲ ಅಂದ ಮಾತ್ರಕ್ಕೆ ನಾಳೆ ಬರುವ ಬದನೆಗೋ ಸಾಸಿವೆಗೋ ಅದೇ ಮಾತು ತನ್ನಿಂತಾನೆ ಅನ್ವಯಿಸುವುದಿಲ್ಲ.

ಲೇಬಲ್‌ನ ಪ್ರಶ್ನೆಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ.

ಸುರಕ್ಷಿತ ಅಂದ ಮೇಲೆ ಲೇಬಲ್ ಯಾಕೆ, ಬರೆದರೆ ಜನ ವಿಷ ಅಂತ ಹೆದರುತ್ತಾರೆ ಅನ್ನುವುದು ಕಂಪನಿಗಳ ವಾದ. ನಿಮ್ಮ ಮಗನದೂ ಅದೇ ಇರಬೇಕು. ಅವನಿಗೆ ಒಂದು ಬಿಸ್ಕೀಟ್ ಪಾಕೀಟು ತೋರಿಸಿ. ಅದರ ಮೇಲೆ ಹಸಿರು ಚುಕ್ಕಿ ಇರುತ್ತದೆ. ಆ ಚುಕ್ಕಿ ಸುರಕ್ಷತೆಯ ಗುರುತಾ? ತತ್ತಿ ಹಾಕಿದ ಕೇಕಿನ ಮೇಲೆ ಮಾಂಸಾಹಾರದ ಗುರುತು ಇದ್ದರೆ ಅದು ವಿಷ ಅಂತ ಯಾರಾದರೂ ಓದುತ್ತಾರಾ? ಇಲ್ಲ. ತತ್ತಿ ಆರೋಗ್ಯಕ್ಕೆ ಒಳ್ಳೆಯದು ಅಂತ ಎಷ್ಟು ವಿಜ್ಞಾನಿಗಳು ಹೇಳಿದರೂ ಆ ಗುರುತನ್ನು ತೆಗೆಯುವ ಮಾತು ಯಾರೂ ಆಡುವುದಿಲ್ಲ. ಯಾಕಂದರೆ ತಿನ್ನುವವರಿಗೆ ಅವರವರ ಕಾರಣ ಇರುತ್ತದೆ. ನಮ್ಮ ಹುಬ್ಬಳ್ಳಿಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟದ ಜೈನರು ಎಷ್ಟು ಮಂದಿ ಇದ್ದಾರೆ. ಅವರಿಗೆ ಉಳ್ಳಾಗಡ್ಡಿ ಸುರಕ್ಷಿತವೋ ಅಲ್ಲವೋ ಅಂತ ಯಾರೂ ಪಾಠ ಮಾಡಲು ಹೋಗುವುದಿಲ್ಲ. ಬೀಜ ಕಂಪನಿಗಳ ಕೈಗೆ ರೈತ ಸಿಕ್ಕಿಬೀಳಬಾರದು ಅನ್ನುವ ಕಾರಣಕ್ಕೆ ಕುಲಾಂತರಿ ಬೇಡ ಅನ್ನುವವರು ಇದ್ದಾರೆ. ಗುಲಾಬಿ ಕಾಯಿಕೊರಕ ಬಿಟಿಗೆ ಬಗ್ಗದೆ ಹೋದದ್ದನ್ನು ಹೊಲದಲ್ಲೇ ಕಂಡು ಬೇಸತ್ತವರು ಇದ್ದಾರೆ. ಬದನೆಗೆ ಔಷಧ ಹೊಡೆಯುವುದು ಕಡಿಮೆ ಆಗುವುದಾದರೆ ಬಿಟಿ ಬದನೆಯೇ ಬೇಕು ಅಂತ ಹುಡುಕಿ ಕೊಳ್ಳುವವರೂ ಇರಬಹುದು. ಇವರಲ್ಲಿ ಯಾರಿಗೂ ಹೆದರಿಕೆ ಇಲ್ಲ. ತಾವು ತಿನ್ನುವುದು ಏನು ಅಂತ ಗೊತ್ತಾಗಬೇಕು, ಅಷ್ಟೇ. ಹೆಸರು ಕೇಳಿದವರನ್ನೆಲ್ಲ ವಿಜ್ಞಾನ ಗೊತ್ತಿಲ್ಲದವರು ಅಂತ ಬಾಯಿ ಮುಚ್ಚಿಸುವುದು ನನಗೆ ಸರಿ ಅನ್ನಿಸುವುದಿಲ್ಲ, ಅದೂ ಹೆತ್ತ ತಾಯಿಯನ್ನು.

ನಿಯಮ ಇಲ್ಲ ಅಂತಲೂ ಅಲ್ಲ. ಕುಲಾಂತರಿ ಆಹಾರ ಇರುವ ಪಾಕೀಟಿನ ಮುಖದ ಮೇಲ್ಭಾಗದಲ್ಲಿ 'ಜಿಎಂ' ಅಂತ ಬರೆಯಬೇಕು ಅನ್ನುವ ನಿಯಮ 2013ರ ಜನವರಿ 1ರಿಂದಲೇ ಜಾರಿಗೆ ಬಂತು. 2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಕರಡು ಹೊರಡಿಸಿತು. ನೂರಕ್ಕೆ ಒಂದು ಪಾಲು ಅಥವಾ ಜಾಸ್ತಿ ಕುಲಾಂತರಿ ಅಂಶ ಇದ್ದರೆ ಹೇಳಲೇಬೇಕು ಅಂತ ಅದರಲ್ಲಿತ್ತು. 2024ರ ಜುಲೈ 23ರಂದು ಕುಲಾಂತರಿ ಸಾಸಿವೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ನಮ್ಮ ರಾಜ್ಯದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್, ಸಾಸಿವೆಗೆ ಕೊಟ್ಟ ಅನುಮತಿಯ ಬಗ್ಗೆ ಬೇರೆಬೇರೆ ತೀರ್ಪು ಕೊಟ್ಟರು. ಆದರೆ ಒಂದು ಮಾತಿನಲ್ಲಿ ಇಬ್ಬರೂ ಒಂದಾದರು. ಹೊರಗಿನಿಂದ ಬರುವ ಕುಲಾಂತರಿ ಆಹಾರಕ್ಕೆ, ಅದರಲ್ಲೂ ಅಡುಗೆ ಎಣ್ಣೆಗೆ, ಲೇಬಲ್ ಕಾನೂನು ಪಾಲಿಸಬೇಕು ಅಂದರು. ನೋಡಿ, ಸುಪ್ರೀಂ ಕೋರ್ಟು ಹೆಸರು ಹಿಡಿದು ಹೇಳಿದ್ದೂ ಎಣ್ಣೆಯನ್ನೇ.

ನಿಮ್ಮ ಪತ್ರ ಬಂದ ಮೇಲೆ ನಾನು ದುರ್ಗದಬೈಲಿನ ಎರಡು ಕಿರಾಣಿ ಅಂಗಡಿ, ವಿದ್ಯಾನಗರದ ಒಂದು ದೊಡ್ಡ ಅಂಗಡಿಗೆ ಹೋಗಿ ಸೋಯಾ ಎಣ್ಣೆ, ಮಿಶ್ರ ಎಣ್ಣೆ, ಚಿಪ್ಸ್, ಸೇವು ಎಲ್ಲ ತಿರುವಿ ನೋಡಿದೆ. ಆ ಎರಡು ಅಕ್ಷರ ಒಂದರ ಮೇಲೂ ಕಾಣಲಿಲ್ಲ. ಅಂಗಡಿಯವರೊಬ್ಬರು ಏನು ಹುಡುಕುತ್ತೀರಿ ಅಂದರು. ಹೇಳಿದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರೂ ಕೇಳಿಲ್ಲ ಅಂದರು.

ಎಣ್ಣೆಗೆ ಲೇಬಲ್ ಹಾಕುವುದರಲ್ಲಿ ಒಂದು ತೊಡಕು ನಿಜವಾಗಿಯೂ ಇದೆ. ರಿಫೈನ್ ಆದ ಎಣ್ಣೆಯಲ್ಲಿ ಡಿಎನ್‌ಎ ಹೆಚ್ಚುಕಡಿಮೆ ಉಳಿಯುವುದಿಲ್ಲವಾದ್ದರಿಂದ ಲ್ಯಾಬಿಗೆ ಕೊಟ್ಟರೂ ಅದು ಕುಲಾಂತರಿ ಕಾಳಿನದೋ ಅಲ್ಲವೋ ಅಂತ ಹೇಳುವುದು ಕಷ್ಟ. ಅದಕ್ಕೇ ಅಮೆರಿಕದವರು 2022ರಿಂದ ಲೇಬಲ್ ಕಡ್ಡಾಯ ಮಾಡಿದರೂ ಪತ್ತೆಯಾಗದ ಎಣ್ಣೆಗೆ ವಿನಾಯಿತಿ ಕೊಟ್ಟರು. ಯುರೋಪಿನವರು ಹಾಗೆ ಬಿಡಲಿಲ್ಲ. ಎಣ್ಣೆಯಲ್ಲಿ ಏನೂ ಸಿಗದಿದ್ದರೂ ಕಾಳು ಎಲ್ಲಿಂದ ಬಂತು ಅನ್ನುವ ಕಾಗದ ಹೊಲದಿಂದ ಅಂಗಡಿವರೆಗೆ ಜೊತೆಗೇ ಬರಬೇಕು ಅಂದರು. ಬ್ರೆಜಿಲ್‌ನಲ್ಲಿ ಹಳದಿ ತ್ರಿಕೋನದೊಳಗೆ ಒಂದು 'ಟಿ' ಬರೆಯುತ್ತಾರೆ, ಓದಲು ಬರದವರೂ ಗುರುತಿಸಬಹುದು. ನಮ್ಮ ಹತ್ತಿ ಎಣ್ಣೆಗೆ ಲ್ಯಾಬೂ ಬೇಡ, ಉದ್ದನೆಯ ಕಾಗದವೂ ಬೇಡ. ದೇಶದ ಹತ್ತಿ ಬಹುತೇಕ ಬಿಟಿ ಅಂತ ಎಲ್ಲರಿಗೂ ಗೊತ್ತು. ನೇರ ಬರೆದರೆ ಆಯಿತು. ಇಷ್ಟು ಸುಲಭ ಇದ್ದೂ ಬರೆಯದಿರುವುದೇ ನನಗೆ ಸಿಟ್ಟು ತರಿಸುವುದು.

ಲೇಬಲ್ ಬಂದರೂ ಮಿರ್ಚಿ ಭಜಿ ಗಾಡಿಯ ಬಾಣಲೆಗೆ ಅದು ಮುಟ್ಟುವುದಿಲ್ಲ, ಅದೂ ನಿಜ. ಸದ್ಯಕ್ಕೆ ನೀವು ಮಾಡಬಹುದಾದದ್ದು ಇದು. ಪಾಕೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಯಾವ ಎಣ್ಣೆ ಬಳಸಿದ್ದು ಅಂತ ಹೆಸರು ಇರಬೇಕು. ಕಾಟನ್‌ಸೀಡ್ ಅಂತ ಇದ್ದರೆ ಅದು ಬಿಟಿ ಅಂತಲೇ ತಿಳಿಯಿರಿ. ಸೋಯಾಬೀನ್ ಅಂತ ಇದ್ದರೆ ಹೊರದೇಶದ್ದು ಇರುವ ಸಾಧ್ಯತೆ ಜಾಸ್ತಿ. ನಮ್ಮ ದೇಶದಲ್ಲಿ ಕುಲಾಂತರಿ ಸೋಯಾ ಬೆಳೆಯಲು ಅನುಮತಿ ಇಲ್ಲ.

ಪಪ್ಪಾಯಿ, ಕಲ್ಲಂಗಡಿ ಬಿಡಬೇಡಿ. ನಮ್ಮಲ್ಲಿ ಬೆಳೆಯುವವು ಕುಲಾಂತರಿ ಅಲ್ಲ, ಹೆಚ್ಚೆಂದರೆ ಹೈಬ್ರಿಡ್. ರಾಣೆಬೆನ್ನೂರು ಕಡೆ ಬೀಜದ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳು ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾರಲ್ಲ, ಸಂಜೆ ಮೊಗ್ಗಿನ ಗಂಡು ಭಾಗ ಕಿತ್ತು ಬೆಳಿಗ್ಗೆ ಬೇರೆ ಹೂವಿನ ಪರಾಗ ಸವರುವುದು, ಹೈಬ್ರಿಡ್ ಅಂದರೆ ಅಷ್ಟೇ. ನಮ್ಮ ಧಾರವಾಡದಲ್ಲೇ 1972ರಲ್ಲಿ ಕಟಾರಕಿಯವರು ವರಲಕ್ಷ್ಮಿ ಹತ್ತಿ ಮಾಡಿದ್ದು ಹಾಗೇ, ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ. ಕುಲಾಂತರಿಯಲ್ಲಿ ಹೂವಿಗೆ ಹೂವು ಕೂಡುವುದಿಲ್ಲ, ಬ್ಯಾಕ್ಟೀರಿಯಾದಂಥ ಬೇರೆ ಜೀವಿಯ ಜೀನನ್ನು ಲ್ಯಾಬಿನಲ್ಲಿ ಗಿಡಕ್ಕೆ ಸೇರಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಯ ಬಗ್ಗೆಯೂ ಇಂಥದೇ ಮಾತು ಓಡಾಡುತ್ತಿದೆ, ಅದೂ ಸುಳ್ಳು. ಸರ್ಕಾರದ ಅನುಮತಿ ಇರುವ ಕುಲಾಂತರಿ ತರಕಾರಿ, ಹಣ್ಣು ನಮ್ಮ ದೇಶದ ಹೊಲದಲ್ಲಿ ಇಲ್ಲ.

ಬದನೆ ಮಾತ್ರ ಬಾಗಿಲವರೆಗೆ ಬಂದಿತ್ತು. ಆ ಬಾಗಿಲು ನಮ್ಮ ಧಾರವಾಡದ್ದೇ. ಕೃಷಿ ವಿಶ್ವವಿದ್ಯಾಲಯ ಬೀಜ ಕಂಪನಿಯ ಜೊತೆ ಸೇರಿ ಮಲಾಪುರ, ಕುಡಚಿ, ರಬಕವಿ ಜವಾರಿ ಬದನೆಗಳಿಗೆ, ಉಡುಪಿ ಗುಳ್ಳಕ್ಕೆ ಬಿಟಿ ಜೀನ್ ಸೇರಿಸುವ ಕೆಲಸ ಮಾಡಿತ್ತು. 2009ರ ಅಕ್ಟೋಬರ್‌ನಲ್ಲಿ ಬಿಟಿ ಬದನೆಗೆ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು. 2010ರ ಫೆಬ್ರವರಿಯಲ್ಲಿ ಸಚಿವ ಜೈರಾಂ ರಮೇಶ್ ಬೆಂಗಳೂರು ಸೇರಿ ಹಲವು ಊರುಗಳಲ್ಲಿ ಜನರ ಮಾತು ಕೇಳಿ ತಡೆದರು. ಬಾಂಗ್ಲಾದೇಶ 2013ರಲ್ಲಿ ಒಪ್ಪಿತು, ಅಲ್ಲಿ ಈಗ ಅದನ್ನು ಬೆಳೆದು ತಿನ್ನುತ್ತಾರೆ. ನಮ್ಮಲ್ಲೂ ಒಂದು ದಿನ ಬರಬಹುದು. ಆಗ ಸಂತೆಯಲ್ಲಿ ಎಣಗಾಯಿಗೆ ಅಂತ ಮುಳಗಾಯಿ ಆರಿಸುವಾಗ ಯಾವ ಗುಡ್ಡೆ ಯಾವುದು ಅಂತ ಯಾರು ಹೇಳುತ್ತಾರೆ? ಬಿಡಿ ತರಕಾರಿಗೆ ಪಾಕೀಟು ಇಲ್ಲ, ಲೇಬಲ್ ಅಂಟಿಸಲು ಜಾಗವೂ ಇಲ್ಲ. ಎಣ್ಣೆ ಪಾಕೀಟಿನ ಮೇಲೇ ಎರಡು ಅಕ್ಷರ ಬರೆಸಲು ಆಗದವರು ಅದನ್ನು ಹೇಗೆ ಮಾಡಿಸುತ್ತಾರೋ ನನಗೆ ಕಾಣುತ್ತಿಲ್ಲ.

ನಮ್ಮ ತಪ್ಪಿನ ತಿದ್ದುಪಡಿ ಇದೇ ಸಂಚಿಕೆಯ ಆಹಾರ ಪುಟದಲ್ಲಿ, ತಪ್ಪು ಬಂದ ಜಾಗದಲ್ಲೇ ಹಾಕಿದ್ದೇವೆ. ನಿಮ್ಮ ಮಗ ಬರೆಯುವುದಾದರೆ ಅವನ ಪತ್ರವನ್ನೂ ಹಾಕುತ್ತೇವೆ, ಕತ್ತರಿಸದೆ.

ನಮ್ಮ ಮನೆಯಲ್ಲಿ ಶೇಂಗಾ ಎಣ್ಣೆ, ಗಾಣದ್ದು. ಬಿಟಿಗೆ ಹೆದರಿ ಅಲ್ಲ. ರೊಟ್ಟಿಗೆ ಚಟ್ನಿಪುಡಿ ಜೊತೆ ಅದೇ ರುಚಿ.