ಅಲ್ಯೂಮಿನಿಯಂ ವೈರಿಂಗ್ ಮನೆ, ನೇರಳೆ ಕ್ಯಾಪ್ ಜಾಯಿಂಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ನಾವು ನ್ಯೂಜೆರ್ಸಿಲಿ 1969ರಲ್ಲಿ ಕಟ್ಟಿದ ಮನೆ ತಗೊಂಡಿದೀವಿ. ರೂಮ್‌ಗಳಿಗೆ ಹೋಗೋ ವೈರೆಲ್ಲ ಅಲ್ಯೂಮಿನಿಯಂ ಅಂತ ಇನ್‌ಸ್ಪೆಕ್ಟರ್ ಬರೆದುಕೊಟ್ಟಿದ್ರು, ಆದ್ರೆ ಹಳೇ ಓನರ್ ಎಲ್ಲಾ ಕಡೆ ತಾಮ್ರದ ತುಂಡು ಸೇರಿಸಿ ನೇರಳೆ ಬಣ್ಣದ ತಿರುಗಿಸೋ ಕ್ಯಾಪ್ ಹಾಕಿಸಿದಾರೆ, ಯುಎಲ್ (ಅಮೆರಿಕದ ಸುರಕ್ಷತಾ ಪರೀಕ್ಷೆ ಸಂಸ್ಥೆ) ಮಾರ್ಕ್ ಇರೋ ಮಾಲು, ಯೋಚನೆ ಮಾಡ್ಬೇಡಿ ಅಂದ್ರು ಏಜೆಂಟ್. ಈಗ ಚಳಿಗೆ ಹೀಟರ್ ಹಾಕಿದ್ರೆ ಪಕ್ಕದ ರೂಮಿನ ಲೈಟ್ ಮಿಣುಕತ್ತೆ, ಒಂದು ಔಟ್‌ಲೆಟ್ (ಪ್ಲಗ್ ಪಾಯಿಂಟ್) ಕವರ್ ಕೈಗೆ ಬೆಚ್ಚಗಾಗತ್ತೆ. ಬ್ರೇಕರ್ ಮಾತ್ರ ಒಂದ್ಸಲಾನೂ ಟ್ರಿಪ್ ಆಗಿಲ್ಲ. ಹೆದರ್ಬೇಕಾ?
— ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಮೊದ್ಲು ಆ ಔಟ್‌ಲೆಟ್‌ಗೆ ಹೋಗೋ ಬ್ರೇಕರ್ ಆಫ್ ಮಾಡಿ, ಆಮೇಲೆ ಮುಂದಿಂದು ಓದಿ. ಕವರ್ ಬಿಸಿ ಆಗೋದು, ಲೈಟ್ ಮಿಣುಕೋದು, ಪ್ಲಾಸ್ಟಿಕ್ ಸುಟ್ಟ ವಾಸನೆ, ಇವು ಒಳಗಡೆ ಜಾಯಿಂಟ್ ಕೆಡ್ತಿದೆ ಅನ್ನೋ ಲಕ್ಷಣ. ಎಷ್ಟೋ ಮನೇಲಿ ಇಷ್ಟು ಸೂಚನೆನೂ ಸಿಗಲ್ಲ, ನಿಮಗೆ ಸಿಕ್ಕಿದೆ.

ಬ್ರೇಕರ್ ಟ್ರಿಪ್ ಆಗಿಲ್ಲ ಅನ್ನೋದನ್ನ ತುಂಬಾ ಜನ ಧೈರ್ಯಕ್ಕೆ ಹೇಳ್ತಾರೆ, ಅದ್ರಲ್ಲಿ ಧೈರ್ಯ ಪಡೋಂಥದ್ದು ಏನೂ ಇಲ್ಲ. ಮಾಮೂಲಿ ಬ್ರೇಕರ್ ನೋಡೋದು ಕರೆಂಟ್ ಲಿಮಿಟ್ ದಾಟ್ತಾ ಅಂತ ಅಷ್ಟೇ. ನಿಮ್ಮಲ್ಲಿ 120 ವೋಲ್ಟ್, 1500 ವ್ಯಾಟ್ ಹೀಟರ್ ಅಂದ್ರೆ ಹನ್ನೆರಡು ಆಂಪ್ ಚಿಲ್ಲರೆ, 15 ಆಂಪ್ ಬ್ರೇಕರ್‌ಗೆ ಅದು ಸರಿಯಾದ ಲೋಡೇ. ಆದ್ರೆ ದಾರೀಲಿ ಒಂದು ಜಾಯಿಂಟ್ ಕೆಟ್ಟು ಅಲ್ಲಿ ಬರೀ ಅರ್ಧ ಓಮ್ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಬಂದಿದೆ ಅಂದ್ಕೊಳ್ಳಿ, 12 ಆಂಪ್ ಹರಿಯೋವಾಗ ಆ ಒಂದೇ ಜಾಗದಲ್ಲಿ 72 ವ್ಯಾಟ್ ಶಾಖ, ಹಳೇ ಕಾಲದ ಬಲ್ಬಿನ ಬಿಸಿ ಬೆರಳ ತುದಿಯಷ್ಟು ಜಾಗದಲ್ಲಿ, ಅದೂ ಗೋಡೆ ಒಳಗೆ, ಮರದ ಫ್ರೇಮ್ ಪಕ್ಕ. ಕರೆಂಟ್ ಜಾಸ್ತಿ ಆಗಲೇ ಇಲ್ವಲ್ಲ, ಬ್ರೇಕರ್‌ಗೆ ಹೇಗೆ ಗೊತ್ತಾಗ್ಬೇಕು?

ಈಗ ಕ್ಯಾಪಿನ ವಿಷಯ. 1965ರಿಂದ 1973ರವರೆಗೆ ಅಮೆರಿಕದಲ್ಲಿ ತಾಮ್ರದ ರೇಟ್ ಏರಿದ್ದಕ್ಕೆ ಸುಮಾರು 20 ಲಕ್ಷ ಮನೆಗೆ ಅಲ್ಯೂಮಿನಿಯಂ ವೈರ್ ಹಾಕಿದ್ರು. ವೈರ್ ಉದ್ದಕ್ಕೂ ತೊಂದರೆ ಇಲ್ಲ, ತೊಂದರೆ ಇರೋದು ಅದರ ತುದೀಲಿ. ಅಲ್ಯೂಮಿನಿಯಂ ಮೇಲೆ ಗಾಳಿ ತಗುಲಿದ ಕೂಡ್ಲೆ ಆಕ್ಸೈಡ್ ಪದರ ಕೂರತ್ತೆ, ಅದು ಕರೆಂಟ್ ಬಿಡಲ್ಲ. ಬಿಸಿಗೆ ತಾಮ್ರಕ್ಕಿಂತ ಮೂರನೇ ಒಂದು ಭಾಗದಷ್ಟು ಜಾಸ್ತಿ ಹಿಗ್ಗತ್ತೆ, ಜೊತೆಗೆ ಮೆತ್ತಗಿನ ಲೋಹ, ಸ್ಕ್ರೂ ಕೆಳಗೆ ಒತ್ತಿದ್ರೆ ನಿಧಾನಕ್ಕೆ ಜರುಗತ್ತೆ. ಲೋಡ್ ಹಾಕಿದಾಗ ಹಿಗ್ಗಿ, ತೆಗೆದಾಗ ಕುಗ್ಗಿ, ವರ್ಷಗಟ್ಟಲೆ ಹೀಗೇ ಆಗಿ ಹಿಡಿತ ಸಡಿಲ ಆಗತ್ತೆ. 1974ರಲ್ಲಿ ನ್ಯೂಯಾರ್ಕ್ ರಾಜ್ಯದ ಹ್ಯಾಂಪ್ಟನ್ ಬೇಸ್ ಅನ್ನೋ ಊರಲ್ಲಿ ಇದರಿಂದಾದ ಬೆಂಕೀಲಿ ಇಬ್ಬರು ಸತ್ತ ಮೇಲೆ ವಿಷಯ ದೊಡ್ಡದಾಯ್ತು. ಸಿಪಿಎಸ್‌ಸಿ, ಅಂದ್ರೆ ಅಲ್ಲಿನ ಗ್ರಾಹಕ ವಸ್ತು ಸುರಕ್ಷತಾ ಆಯೋಗ, ಮಾಡಿಸಿದ ಸರ್ವೆ ಪ್ರಕಾರ 1972ಕ್ಕಿಂತ ಮುಂಚಿನ ಅಲ್ಯೂಮಿನಿಯಂ ಮನೆಗಳಲ್ಲಿ ಕನೆಕ್ಷನ್ ಬೆಂಕಿ ಅಪಾಯದ ಮಟ್ಟಕ್ಕೆ ಹೋಗೋ ಸಾಧ್ಯತೆ ತಾಮ್ರದ ಮನೆಗಿಂತ 55 ಪಟ್ಟು ಹೆಚ್ಚು. (55 ಪಟ್ಟು ಬೆಂಕಿ ಬೀಳತ್ತೆ ಅಂತ ಅಲ್ಲ, ವಾಟ್ಸಾಪಲ್ಲಿ ಹಾಗೆ ಓಡಾಡ್ತಾ ಇರತ್ತೆ.)

ನೇರಳೆ ಕ್ಯಾಪ್ ಒಳಗೆ ಏನಿದೆ? ಒಂದು ಲೋಹದ ಸ್ಪ್ರಿಂಗ್, ಆಕ್ಸೈಡ್ ತಡೆಯೋ ಪೇಸ್ಟ್, ಮೇಲೆ ಪ್ಲಾಸ್ಟಿಕ್ ಚಿಪ್ಪು. ಎರಡು ಲೋಹದ ತುದೀನ ಸೇರಿಸಿ ಕೈಲಿ ತಿರುಗಿಸಿದ್ರೆ ಸ್ಪ್ರಿಂಗ್ ಬಿಗಿಯಾಗತ್ತೆ, ಅಷ್ಟೆ. ಬಿಗಿ ಎಷ್ಟು ಅನ್ನೋದು ತಿರುಗಿಸಿದವರ ಮಣಿಕಟ್ಟಿನ ಮೇಲೆ, ಆ ಆಕ್ಸೈಡ್ ಪದರ ಪೂರ್ತಿ ಒಡೀತಾ ಅನ್ನೋದು ಹೊರಗಿಂದ ನೋಡಿದ್ರೆ ತಿಳಿಯಲ್ಲ. ಯುಎಲ್ ಮಾರ್ಕ್ ಸುಳ್ಳಲ್ಲ, ಲ್ಯಾಬಲ್ಲಿ ಟೆಸ್ಟ್ ಪಾಸಾಗಿದೆ, ಆದ್ರೆ ಹೊಸ ವೈರಲ್ಲಿ ಪಾಸಾಗೋದು ಬೇರೆ, ಐವತ್ತು ವರ್ಷ ಗೋಡೇಲಿ ಕೂತು, ಒಂದೆರಡು ಸಲ ಬಗ್ಗಿಸಿ ನೇರ ಮಾಡಿ ಗಡುಸಾದ ವೈರಲ್ಲಿ ನಿಲ್ಲೋದು ಬೇರೆ. ಸಿಪಿಎಸ್‌ಸಿ ಸಿಬ್ಬಂದಿ ತಿರುಗಿಸೋ ಕ್ಯಾಪ್‌ಗಳನ್ನ ಶಾಶ್ವತ ರಿಪೇರಿ ಅಂತ ಒಪ್ಪಲ್ಲ, ನಾನೂ ಒಪ್ಪಲ್ಲ.

ಅವರು ಒಪ್ಪೋದು ಮೂರು. ಇಡೀ ಮನೆಗೆ ತಾಮ್ರ ಎಳೆಯೋದು. ಕೋಪಾಲಮ್ ಅನ್ನೋ ಕ್ರಿಂಪ್, ಅದು ವಿಶೇಷ ಪವರ್ ಟೂಲಲ್ಲಿ ಲೋಹದ ತೋಳಿನ ಒಳಗೆ ಎರಡು ವೈರನ್ನ ಒತ್ತಿ ಒಂದೇ ಮಾಡಿಬಿಡತ್ತೆ, ಆದ್ರೆ ಕಂಪನಿ ಟ್ರೇನಿಂಗ್ ಆದ ಎಲೆಕ್ಟ್ರೀಷಿಯನ್‌ಗೆ ಮಾತ್ರ ಟೂಲ್ ಕೊಡೋದು, ಅಂಥವರು ಸಿಗೋದೇ ಕಷ್ಟ. ಮೂರನೇದು ಅಲ್ಯೂಮಿಕಾನ್, ಚಿಕ್ಕ ಡಬ್ಬಿಯಂಥದ್ದು, ಒಂದೊಂದು ವೈರ್‌ಗೂ ಬೇರೆ ತೂತು ಬೇರೆ ಸ್ಕ್ರೂ, ತಾಮ್ರ ಅಲ್ಯೂಮಿನಿಯಂ ಒಂದಕ್ಕೊಂದು ತಾಗೋದೇ ಇಲ್ಲ. ನಿಮ್ಮ ಕೇಸಲ್ಲಿ ನಾನು ಇದನ್ನೇ ಹೇಳ್ತೀನಿ. ಒಂದೇ ಷರತ್ತು, ಸ್ಕ್ರೂನ ಅಂದಾಜಲ್ಲಿ ಬಿಗಿ ಮಾಡೋ ಹಾಗಿಲ್ಲ, ಕಂಪನಿ ಕೊಟ್ಟ ಲೆಕ್ಕಕ್ಕೆ ಟಾರ್ಕ್ ಸ್ಕ್ರೂಡ್ರೈವರಲ್ಲೇ (ಬಿಗಿ ಎಷ್ಟು ಅಂತ ಅಳೆಯೋದು) ಮಾಡ್ಬೇಕು. ಬಂದ ಎಲೆಕ್ಟ್ರೀಷಿಯನ್ ಬ್ಯಾಗಲ್ಲಿ ಅದು ಇಲ್ಲ ಅಂದ್ರೆ ಟೀ ಕೊಟ್ಟು ಕಳಿಸಿ. ಬರೀ ಔಟ್‌ಲೆಟ್ ಅಲ್ಲ, ಸ್ವಿಚ್, ಸೀಲಿಂಗ್ ಲೈಟ್, ಫ್ಯಾನ್, ಅಟ್ಟದ ಜಂಕ್ಷನ್ ಬಾಕ್ಸ್ ಎಲ್ಲಾ ಆಗ್ಬೇಕು. ಪ್ಯಾನಲ್‌ಗೆ ಬರೋ ದಪ್ಪ ಮೇನ್ ಕೇಬಲ್ ಅಲ್ಯೂಮಿನಿಯಂ ಇದ್ರೆ ಗಾಬರಿ ಬೇಡ, ಇವತ್ತಿಗೂ ಹಾಗೇ ಹಾಕ್ತಾರೆ.

ಪ್ರಶ್ನೆ: ನಮ್ಮನೇಲೂ ಅಲ್ಯೂಮಿನಿಯಂ ವೈರೇ. ನಮ್ಮ ಫ್ರೆಂಡ್ ವಾಗೋ ಕಂಪನಿಯ ಲಿವರ್ ಕನೆಕ್ಟರ್ (ಲಿವರ್ ಒತ್ತಿ ವೈರ್ ಹಿಡಿಸೋದು) ಹಾಕು, ಐದು ನಿಮಿಷದ ಕೆಲಸ ಅಂತಾನೆ. ಹಾಕ್ಬಹುದಾ?
— ಇನ್ನೊಬ್ಬ ಓದುಗರು, ಚಿಕಾಗೋ

ಉತ್ತರ: ಬೇಡ. ಅಮೆರಿಕದಲ್ಲಿ ವಾಗೋದ ಆ 221 ಲಿವರ್ ಮಾಡೆಲ್‌ಗೆ ಅನುಮತಿ ಇರೋದು ತಾಮ್ರಕ್ಕೆ ಮಾತ್ರ. ಕನೆಕ್ಟರ್ ಚೆನ್ನಾಗೇ ಇದೆ, ನಿಮ್ಮ ವೈರ್‌ಗೆ ಅಲ್ಲ. ಔಟ್‌ಲೆಟ್ ಹಿಂದಿನ ತೂತಿಗೆ ವೈರ್ ಚುಚ್ಚೋ ಪದ್ಧತೀನೂ ಅಷ್ಟೇ, ಅಲ್ಯೂಮಿನಿಯಂಗೆ ಕೂಡದು.

ಪ್ರಶ್ನೆ: ದಾವಣಗೆರೇಲಿ ಅಪ್ಪ ಕಟ್ಟಿಸಿದ ಹಳೇ ಮನೆ, ಮರದ ಪಟ್ಟಿ ಮೇಲೆ ಅಲ್ಯೂಮಿನಿಯಂ ವೈರ್ ಇದೆ. ಗೀಸರ್ ಪಾಯಿಂಟ್‌ಗೆ ತಾಮ್ರದ ವೈರ್ ತಂದು ಹಳೇದಕ್ಕೆ ಸುತ್ತಿ ಟೇಪ್ ಹಾಕಿ ಕೊಟ್ಟಿದಾರೆ. ಅಮ್ಮ ಒಬ್ರೇ ಇರೋದು. ಅಲ್ಯೂಮಿಕಾನ್ ಇಲ್ಲೂ ತರಿಸ್ಲಾ?
— ಓದುಗರು, ಬೆಂಗಳೂರು

ಉತ್ತರ: ಕನೆಕ್ಟರ್ ಹುಡುಕೋ ಶ್ರಮ ನಿಮಗೆ ಬೇಡ. ಅಮೆರಿಕದಲ್ಲಿ ವೈರ್ ಗೋಡೆ ಒಳಗೆ ಸಿಕ್ಕಾಕೊಂಡಿರತ್ತೆ, ತೆಗೀಬೇಕು ಅಂದ್ರೆ ಗೋಡೆ ಕೊರೀಬೇಕು, ಅದಕ್ಕೇ ಅಷ್ಟು ಒದ್ದಾಟ. ನಿಮ್ಮದು ಪಟ್ಟಿ ಮೇಲೆ ಕಣ್ಣಿಗೆ ಕಾಣೋ ಹಾಗಿದೆ, ಕಿತ್ತು ಹೊಸದಾಗಿ ಪೈಪಲ್ಲೋ ಕೇಸಿಂಗಲ್ಲೋ ತಾಮ್ರ ಎಳೆಸೋದೇ ಸುಲಭ. ದುಡ್ಡು ಒಟ್ಟಿಗೆ ಹೊಂದಲ್ಲ ಅಂದ್ರೆ ಗೀಸರ್‌ನಿಂದ ಶುರು ಮಾಡಿ, ಬೋರ್ಡಿಂದ ನೇರ ಬೇರೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ನಡುವೆ ಜಾಯಿಂಟೇ ಇಲ್ಲದ ಹಾಗೆ, ಅದಕ್ಕೇ ಅಂತ ಒಂದು ಎಂಸಿಬಿ (ಬ್ರೇಕರ್), ಒಳ್ಳೆ ಅರ್ಥಿಂಗ್. ಆಮೇಲೆ ಮಿಕ್ಸಿ, ಫ್ರಿಜ್, ಐರನ್ ಬಾಕ್ಸ್ ಪಾಯಿಂಟ್. ಫ್ಯಾನು ಲೈಟು ಕೊನೆಗೆ ಆದ್ರೂ ನಡೆಯತ್ತೆ.

ಸುತ್ತಿ ಟೇಪ್ ಹಾಕಿದ ಆ ಜಾಯಿಂಟನ್ನ ಮಾತ್ರ ಈ ವಾರವೇ ತೆಗೆಸಿ. ತಾಮ್ರ ಅಲ್ಯೂಮಿನಿಯಂ ನೇರ ತಾಗಿರೋ ಕಡೆ ಬಚ್ಚಲಿನ ತೇವ ಸೇರಿದ್ರೆ ಅಲ್ಯೂಮಿನಿಯಂ ತಿಂದುಹೋಗತ್ತೆ, ಮೇಲೆ 2000 ವ್ಯಾಟ್ ಗೀಸರ್ ಲೋಡ್. ಅಲ್ಲಿವರೆಗೂ ಅಮ್ಮನಿಗೆ ಗೀಸರ್ ಹಾಕ್ಬೇಡಿ, ಗ್ಯಾಸ್ ಮೇಲೆ ನೀರು ಕಾಯಿಸ್ಕೊಳ್ಳಿ ಅಂತ ಹೇಳಿ. ಕಂಬದಿಂದ ಮೀಟರ್‌ಗೆ ಬರೋ ಸರ್ವೀಸ್ ವೈರೂ ಅಲ್ಯೂಮಿನಿಯಮ್ಮೇ ಇರತ್ತೆ, ಅದು ಹಾಗೇ ಇರ್ಲಿ, ಆದ್ರೆ ಅದರ ತುದಿ ಕರ್ರಗಾಗಿದ್ರೆ ವಿದ್ಯುತ್ ಕಂಪನಿ ಲೈನ್‌ಮನ್‌ಗೆ ಹೇಳಿ ಸರಿ ಮಾಡಿಸಿ, ಮನೆ ಎಲೆಕ್ಟ್ರೀಷಿಯನ್ ಕೈಲಿ ಮೀಟರ್ ಹಿಂದಿಂದು ಮುಟ್ಟಿಸ್ಬೇಡಿ.