ಬ್ರಿಟನ್ನಿನ ಬಾಲ್ಯದ ಊರನ್ನು ಕುರಿತು ಬರೆಯುವ ಮುನ್ನ ಹಳೆಯ ಫೋಟೋಗಳನ್ನು ನೋಡಬೇಡಿ

ಡಾನ್‌ಕಾಸ್ಟರ್ ಬಳಿಯ ಗಣಿ ಹಳ್ಳಿಯಲ್ಲಿ ಹತ್ತು ವರ್ಷದವರೆಗೆ ಬೆಳೆದ ನೀವು ಈಗ ಶಿವಮೊಗ್ಗದಲ್ಲಿ ಕುಳಿತು ಆ ನೆನಪುಗಳನ್ನು ಬರೆಯಲು ಹೊರಟಿದ್ದೀರಿ. ಮೊದಲು ಆ ಕಾಲದ ಫೋಟೋಗಳನ್ನೂ ಅಲ್ಲಿನವರ ನೆನಪುಗಳನ್ನೂ ಕಲೆಹಾಕಿ, ಊರಿಗೂ ಒಮ್ಮೆ ಹೋಗಿಬಂದು, ಆಮೇಲೆ ಬರೆಯುವುದು ಸರಿಯೇ ಎಂದು ಕೇಳಿದ್ದೀರಿ; ಹೊರಗಿನವರಾದ ನಮ್ಮ ನೆನಪಿಗೆ ಅಲ್ಲಿ ಏನು ಬೆಲೆ ಎಂದೂ ಕೇಳಿದ್ದೀರಿ. ನಾನು ಇದೇ ಕ್ರಮದಲ್ಲಿ ಹೋಗಿ ಕಳೆದುಕೊಂಡವನು. ದಯವಿಟ್ಟು ಆ ಕ್ರಮವನ್ನು ಪೂರ್ತಿ ತಿರುವುಮುರುವು ಮಾಡಿ.

ನನ್ನ ತಂದೆ ಹಾಸನ ಕಡೆಯವರು. ಬ್ರಿಟನ್ನಿಗೆ ಹೋಗಿ, ಕೆಲವು ಆಸ್ಪತ್ರೆಗಳಲ್ಲಿ ದುಡಿದು, 1976ರಲ್ಲಿ ಸೌತ್ ವೇಲ್ಸ್‌ನ ರೊಂಡ ಕಣಿವೆಯ ಫರ್ನ್‌ಡೇಲ್ ಎಂಬ ಊರಿನಲ್ಲಿ ಕುಟುಂಬ ವೈದ್ಯರಾಗಿ ನೆಲೆಸಿದರು. ನನಗಾಗ ಎರಡು ವರ್ಷ. 1986ರಲ್ಲಿ ನಾವು ಮೈಸೂರಿಗೆ ಮರಳಿದಾಗ ಹನ್ನೆರಡು. ಫರ್ನ್‌ಡೇಲ್‌ನ ಸ್ವಂತ ಗಣಿಗಳು 1959ರಲ್ಲೇ ಮುಚ್ಚಿದ್ದವು. ಊರಿನ ಅನೇಕ ಗಂಡಸರು ಕಣಿವೆಯ ತುದಿಯಲ್ಲಿದ್ದ ಮಾರ್ಡಿಯ ಗಣಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬೆಟ್ಟದ ಇಳಿಜಾರಿನಲ್ಲಿ ಒಂದರ ಮೇಲೊಂದು ಅಡ್ಡಗೆರೆ ಎಳೆದಂತೆ ಕಲ್ಲಿನ ಸಾಲುಮನೆಗಳಿದ್ದವು, ತಳದಲ್ಲಿ ಕಲ್ಲಿದ್ದಲ ಪುಡಿಯಿಂದ ಕಪ್ಪಗೆ ಹರಿಯುವ ಹೊಳೆಯಿತ್ತು. ಗಣಿಯವರಿಗೆ ಹಕ್ಕಿನ ಪಾಲಾಗಿ ಸಿಗುತ್ತಿದ್ದ ಕಲ್ಲಿದ್ದಲನ್ನು ಲಾರಿಯವನು ಬಾಗಿಲ ಮುಂದೆ ರಸ್ತೆಯಲ್ಲೇ ಸುರಿದು ಹೋಗುತ್ತಿದ್ದ. ಅದನ್ನು ಬಕೆಟ್ಟುಗಳಲ್ಲಿ ತುಂಬಿ ಹಿತ್ತಲಿನ ಇದ್ದಲು ಕೋಣೆಗೆ ಸಾಗಿಸುವುದು ಬೀದಿಯ ಮಕ್ಕಳೆಲ್ಲರ ಕೆಲಸ. ಬೆಟ್ಟದ ಕುರಿಗಳು ಬೀದಿಗಿಳಿದು ಕಸದ ಡಬ್ಬಿಗಳನ್ನು ಉರುಳಿಸುತ್ತಿದ್ದವು. ಹಾಸನದ ಬೀದಿ ಹಸುಗಳನ್ನು ಕಂಡಿದ್ದ ಅಮ್ಮನಿಗೆ ಆ ಊರಿನಲ್ಲಿ ಮೊದಲು ಪರಿಚಿತವೆನಿಸಿದ್ದು ಆ ಕುರಿಗಳೇ ಅಂತೆ.

ಕೊರೋನಾ ಎಂಬ ಹೆಸರು ಇಂದಿನ ಮಕ್ಕಳಿಗೆ ಬೇರೆಯೇ ಅರ್ಥ ಕೊಡುತ್ತದೆ. ನಮಗೆ ಅದು ಪಕ್ಕದ ಪೋರ್ತ್ ಪಟ್ಟಣದ ಕಾರ್ಖಾನೆಯಲ್ಲಿ ತಯಾರಾಗಿ, ಲಾರಿಯಲ್ಲಿ ಮನೆಬಾಗಿಲಿಗೆ ಬರುತ್ತಿದ್ದ ಬಣ್ಣಬಣ್ಣದ ಸೋಡಾ. ಖಾಲಿ ಬಾಟಲಿ ಹಿಂತಿರುಗಿಸಿದರೆ ಕೆಲವು ಪೆನ್ಸ್ ಸಿಗುತ್ತಿದ್ದವು. ಮಾರ್ಚ್ 1ರ ಸೇಂಟ್ ಡೇವಿಡ್ ದಿನದಂದು ಹುಡುಗಿಯರು ಎತ್ತರದ ಕಪ್ಪು ಟೋಪಿ, ಶಾಲು ಧರಿಸಿ ಶಾಲೆಗೆ ಬರುತ್ತಿದ್ದರು, ಹುಡುಗರು ಎದೆಗೆ ಲೀಕ್ ಎಂಬ ಈರುಳ್ಳಿ ಜಾತಿಯ ಗಿಡವನ್ನು ಪಿನ್ನು ಮಾಡಿಕೊಂಡು ಮಧ್ಯಾಹ್ನದೊಳಗೆ ಅದನ್ನು ಹಸಿಯಾಗಿಯೇ ತಿಂದು ಮುಗಿಸುತ್ತಿದ್ದರು. ಜುಲೈ ಕೊನೆಯ ವಾರ ಮತ್ತು ಆಗಸ್ಟ್ ಮೊದಲ ವಾರ ಗಣಿಯವರ ರಜೆ. ಆಗ ಊರಿಗೆ ಊರೇ ಪೋರ್ತ್‌ಕಾಲ್, ಬ್ಯಾರಿ ಐಲೆಂಡ್‌ಗಳ ಸಮುದ್ರ ತೀರಕ್ಕೆ ಹೋಗಿಬಿಡುತ್ತಿತ್ತು. ಗಣಿಯ ಕಸದ ಗುಡ್ಡಗಳ ಮೇಲೆ ಆಡಬಾರದೆಂದು ಪಕ್ಕದ ಮನೆಯ ಅಜ್ಜಿ ಮಾತ್ರ ಬಹಳ ಕಟ್ಟುನಿಟ್ಟು ಮಾಡುತ್ತಿದ್ದರು. 1966ರ ಅಕ್ಟೋಬರ್ 21ರಂದು ಪೂರ್ವಕ್ಕಿರುವ ಅಬರ್‌ಫ್ಯಾನ್‌ನಲ್ಲಿ ಅಂಥದೇ ಗುಡ್ಡ ಕುಸಿದು ಶಾಲೆಯನ್ನು ಮುಚ್ಚಿ 116 ಮಕ್ಕಳೂ 28 ದೊಡ್ಡವರೂ ಸತ್ತಿದ್ದರು ಎಂಬುದನ್ನು ನಾನು ತಿಳಿದದ್ದು ತೀರ ತಡವಾಗಿ.

ಇನ್ನು ನಾನು ಮಾಡಿದ ತಪ್ಪಿನ ವಿಷಯ. ಇದನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಮಾಡುವಾಗ ಅದು ತಪ್ಪೆನಿಸುವುದಿಲ್ಲ, ಶ್ರದ್ಧೆ ಎನಿಸುತ್ತದೆ.

1984ರ ಮಾರ್ಚ್‌ನಿಂದ ಒಂದು ವರ್ಷ, ಗಣಿಗಳನ್ನು ಮುಚ್ಚುವುದರ ವಿರುದ್ಧ ನಡೆದ ಗಣಿ ಕಾರ್ಮಿಕರ ಮುಷ್ಕರ ನಿಮಗೂ ನೆನಪಿರಬೇಕು. ನಿಮ್ಮ ಯಾರ್ಕ್‌ಶೈರ್ ಅದರ ಹೃದಯವಾಗಿತ್ತು. ಮಾರ್ಡಿಯಲ್ಲಿ ಆ ವರ್ಷವಿಡೀ ಒಬ್ಬ ಕಾರ್ಮಿಕನೂ ಮುಷ್ಕರ ಮುರಿದು ಕೆಲಸಕ್ಕೆ ಹೋಗಲಿಲ್ಲ. 1985ರ ಮಾರ್ಚ್ 5ರ ಮುಂಜಾನೆ ಅವರು ಸಂಘದ ಪತಾಕೆ ಹಿಡಿದು, ಬ್ಯಾಂಡಿನ ಹಿಂದೆ ಸಾಲಾಗಿ ನಡೆದು ಗಣಿಗೆ ಮರಳಿದರು. ಮುಷ್ಕರಕ್ಕೆ ಇಪ್ಪತ್ತು ವರ್ಷ ತುಂಬಿದಾಗ ಆ ಮೆರವಣಿಗೆಯ ಫೋಟೋಗಳೂ ಟೆಲಿವಿಷನ್ ಚಿತ್ರಗಳೂ ಮತ್ತೆ ಎಲ್ಲೆಡೆ ಕಾಣಿಸಿಕೊಂಡವು. ನಾನು ಆಗ ಬೆಂಗಳೂರಿನಲ್ಲಿದ್ದೆ. ಬಾಲ್ಯದ ಬಗ್ಗೆ ಬರೆಯುವ ಆಸೆ ಹೊಸದಾಗಿ ಹುಟ್ಟಿತ್ತು, ಸರಿಯಾಗಿ ಬರೆಯಬೇಕೆಂಬ ಹಂಬಲದಿಂದ ಸಿಕ್ಕಿದ ಚಿತ್ರವನ್ನೆಲ್ಲ ನೋಡಿದೆ, ಆ ಕಣಿವೆಯವರು ಬರೆದುಕೊಂಡದ್ದನ್ನೆಲ್ಲ ಓದಿದೆ. ಆಮೇಲೆ ಬರೆದೆ. ಚಳಿಯ ಮುಂಜಾನೆ ಅಮ್ಮನ ಕೋಟಿನ ಅಂಚು ಹಿಡಿದು ಮಾರ್ಡಿಯ ರಸ್ತೆಬದಿಯಲ್ಲಿ ನಿಂತದ್ದು, ಪತಾಕೆ ಗಾಳಿಗೆ ಉಬ್ಬಿದ್ದು, ನನ್ನ ತರಗತಿಯ ಹುಡುಗನ ತಂದೆ ನಮ್ಮನ್ನು ನೋಡಿ ತಲೆ ಬಾಗಿಸಿದ್ದು, ಎಲ್ಲವೂ ಅದರಲ್ಲಿ ಇತ್ತು. ಸ್ನೇಹಿತರ ಮುಂದೆ ಅದನ್ನು ಓದಿದೆ. ಅಪ್ಪನ ಮುಂದೆಯೂ ಓದಿದೆ. ಅಪ್ಪ ಚೆನ್ನಾಗಿದೆ ಎಂದರು, ಬೇರೇನೂ ಹೇಳಲಿಲ್ಲ.

ಅಪ್ಪ ತೀರಿಕೊಂಡ ಕೆಲವು ವರ್ಷಗಳ ನಂತರ ಹಾಸನದಲ್ಲಿ ದೊಡ್ಡಮ್ಮನ ಮನೆ ಖಾಲಿ ಮಾಡುವಾಗ, ಕಬ್ಬಿಣದ ಟ್ರಂಕಿನಲ್ಲಿ ಅಮ್ಮ ಫರ್ನ್‌ಡೇಲ್‌ನಿಂದ ಅಕ್ಕನಿಗೆ ಬರೆದ, ಹಾಳೆಯನ್ನೇ ಲಕೋಟೆಯಂತೆ ಮಡಚಿ ಅಂಟಿಸುವ ನೀಲಿ ಏರೋಗ್ರಾಮ್‌ಗಳ ಕಟ್ಟು ಸಿಕ್ಕಿತು. 1985ರ ಮಾರ್ಚ್ 6ರ ಪತ್ರವೂ ಅದರಲ್ಲಿತ್ತು. ಮಗನಿಗೆ ಅಮ್ಮ (ಸೀತಾಳೆ ಸಿಡುಬು) ಆಗಿದೆ, ಮೈತುಂಬ ಎದ್ದಿವೆ, ಸೇಂಟ್ ಡೇವಿಡ್ ದಿನಕ್ಕೂ ಶಾಲೆಗೆ ಕಳಿಸಲಿಲ್ಲ, ಇಲ್ಲಿ ಬೇವಿನ ಸೊಪ್ಪು ಎಲ್ಲಿಂದ ತರಲಿ ಎಂದು ಬರೆದಿದ್ದರು. ಅದರ ಕೆಳಗೆ, ನಿನ್ನೆ ಗಣಿಯವರು ಕೆಲಸಕ್ಕೆ ಹಿಂತಿರುಗಿದರು, ಇವರು ಬೆಳಿಗ್ಗೆಯೇ ಹೋಗಿ ನೋಡಿ ಬಂದರು, ಬಂದವರು ತಿಂಡಿಯನ್ನೂ ಮುಟ್ಟದೆ ರೋಗಿಗಳನ್ನು ನೋಡಲು ಕುಳಿತರು, ನಾನು ಮಗುವಿನ ಹತ್ತಿರವೇ ಇದ್ದೆ ಎಂದಿತ್ತು.

ಅಂದರೆ ನಾನು ಅಲ್ಲಿ ನಿಂತಿರಲೇ ಇಲ್ಲ. ನಿಂತವರು ಅಪ್ಪ. ನಾನೇ ಕಣ್ಣಾರೆ ಕಂಡೆನೆಂದು ನಂಬಿದ್ದರಿಂದ, ನಿಜವಾಗಿ ಕಂಡವರನ್ನು ಒಂದು ಮಾತೂ ಕೇಳದೆ ಕಳೆದುಕೊಂಡೆ. ಅವರು ಯಾಕೆ ತಿದ್ದಲಿಲ್ಲ ಎಂದು ಬಹಳ ಯೋಚಿಸಿದ್ದೇನೆ. ಬಹುಶಃ ನನ್ನ ಸಂತೋಷಕ್ಕೆ ಅಡ್ಡ ಬರಬಾರದೆಂದಿರಬೇಕು. ಅಮ್ಮನನ್ನು ಕೇಳಿದರೆ ಅವರೂ ನನ್ನ ಕಥೆಯನ್ನೇ ಹೇಳಿದರು: ನಿನ್ನನ್ನು ಕೋಟು ಹಾಕಿ ಕರೆದುಕೊಂಡು ಹೋಗಿದ್ದೆನಲ್ಲ, ಎಷ್ಟು ಚಳಿ! ನಾನು ಓದಿದ್ದನ್ನು ಅಷ್ಟು ಸಲ ಕೇಳಿ ಅವರ ನೆನಪೂ ನನ್ನದರಂತೆ ಬದಲಾಗಿತ್ತು. ಅವರದೇ ಕೈಬರಹ ತೋರಿಸಿದ ಮೇಲೂ, ಇರಬಹುದು ಎಂದರೇ ಹೊರತು ಆ ಬೆಳಿಗ್ಗೆ ಮನೆಯೊಳಗೆ ಏನು ನಡೆಯಿತೆಂಬುದು ಅವರಿಗೆ ಮರಳಿ ಬರಲಿಲ್ಲ. ಸೀತಾಳೆ ಸಿಡುಬಿನ ತುರಿಕೆ, ಕಿಟಕಿಯ ಪರದೆ, ಕೆಳಗಿನ ಕೋಣೆಯಲ್ಲಿ ರೋಗಿಗಳ ಕೆಮ್ಮು, ಏನೋ ಒಂದು ನನ್ನೊಳಗೆ ಉಳಿದಿದ್ದಿರಬೇಕು. ಅದರ ಮೇಲೆ ನಾನು ಯಾರದೋ ಕ್ಯಾಮೆರಾದ ಚಿತ್ರವನ್ನು ಅಂಟಿಸಿಬಿಟ್ಟಿದ್ದೆ. ಈಗ 1977ರ ರಾಣಿಯ ಬೆಳ್ಳಿಹಬ್ಬದ ಬೀದಿ ಊಟವನ್ನೂ ನಾನು ನಂಬುವುದಿಲ್ಲ, ಏಕೆಂದರೆ ಕಾಗದದ ಕಿರೀಟ ತೊಟ್ಟ ನನ್ನ ಫೋಟೋ ಮನೆಯಲ್ಲಿತ್ತು.

ಆದ್ದರಿಂದ ನಿಮಗೆ ನನ್ನ ಮೊದಲ ಮಾತು: ಏನನ್ನೂ ನೋಡದೆ, ಯಾರನ್ನೂ ಕೇಳದೆ, ಕೈಯಲ್ಲಿ ಬರೆಯಿರಿ. ತಪ್ಪಿರಲಿ, ತುಂಡುತುಂಡಾಗಿರಲಿ, ರಸ್ತೆಯ ಹೆಸರು ಮರೆತಿದ್ದರೆ ಜಾಗ ಬಿಡಿ. ಶಾಲೆಯಿಂದ ಮನೆಗೆ ಬರುವ ದಾರಿಯ ನಕ್ಷೆಯನ್ನು ಬಿಡಿಸಿ, ಯಾವ ಮನೆಯ ಮುಂದೆ ನಿಧಾನವಾಗಿ ನಡೆಯುತ್ತಿದ್ದಿರಿ, ಯಾವ ಮನೆಯ ಮುಂದೆ ಓಡುತ್ತಿದ್ದಿರಿ ಎಂದು ಗುರುತು ಮಾಡಿ. ಬರೆದದ್ದರ ಮೇಲೆ ದಿನಾಂಕ ಹಾಕಿ ಎತ್ತಿಡಿ. ಆಮೇಲೆ ತಿಳಿದು ಬಂದದ್ದನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಮೊದಲಿನದನ್ನು ತಿದ್ದಲೇಬೇಡಿ.

ನೀವು ಬರೆಯಬೇಕೆಂದು ಪಟ್ಟಿ ಮಾಡಿರುವ ಹಾಲಿನ ಬಾಟಲಿ, ಗಾಜಿನ ಜಾಡಿಗಳ ಮಿಠಾಯಿ ಅಂಗಡಿ, ದೀಪೋತ್ಸವದಂಥ ನವೆಂಬರ್ 5ರ ರಾತ್ರಿಯ ಹಬ್ಬದ ಬೆಂಕಿ, ಇವುಗಳ ಬಗ್ಗೆಯೂ ಒಂದು ಮಾತು. ಇವು ಸುಳ್ಳಲ್ಲ, ಮೇಲೆ ನಾನೂ ಸೋಡಾ, ಲೀಕ್ ಎಂದು ಬರೆದಿದ್ದೇನೆ. ಆದರೆ ಅವನ್ನು ಅಲ್ಲಿನ ಸಾವಿರಾರು ಜನ ಈಗಾಗಲೇ ಹೇಳಿದ್ದಾರೆ, ನಿಮಗಿಂತ ಚೆನ್ನಾಗಿಯೂ ಹೇಳಿರಬಹುದು. ಹೊರಗಿನವರಾದ ನಮ್ಮ ನೆನಪಿಗೆ ಏನು ಬೆಲೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾವು ಹೊರಗೆ ನಿಂತು ನೋಡಿದವರಲ್ಲ. ಪಕ್ಕದ ಅವನ್ ಕಣಿವೆಯ ಗ್ಲಿನ್‌ಕಾರಗ್‌ನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ನಿಯಮವನ್ನು ಮುಂದಿಟ್ಟರು: ವೈದ್ಯಕೀಯ ಆರೈಕೆ ಎಲ್ಲಿ ಹೆಚ್ಚು ಬೇಕೋ ಅಲ್ಲಿಯೇ ಅದು ಕಡಿಮೆ ಸಿಗುತ್ತದೆ. ಶ್ವಾಸಕೋಶದಲ್ಲಿ ಗಣಿಧೂಳು ತುಂಬಿಕೊಂಡ ಗಂಡಸರಿರುವ ಆ ಊರುಗಳಿಗೆ ಬರಲು ಅಲ್ಲಿಯ ವೈದ್ಯರು ಸಾಲದಾದಾಗ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾಗಳ ವೈದ್ಯರು ಆ ಜಾಗಗಳನ್ನು ತುಂಬಿದರು. ಅವರ ಮನೆಗಳು ಊರಿನ ಅಂಚಿನಲ್ಲಿರಲಿಲ್ಲ. ಊರಿನ ಸಂಕಟವೆಲ್ಲ ಆ ಮನೆಗಳ ಬಾಗಿಲು ತಟ್ಟುತ್ತಿತ್ತು.

ಅದರಲ್ಲಿಯೂ ನಮ್ಮ ಅಮ್ಮಂದಿರು. ನಿಮ್ಮ ತಂದೆಯೂ ವೈದ್ಯರಾಗಿದ್ದರೆಂದು ಬರೆದಿದ್ದೀರಿ, ಆದ್ದರಿಂದ ನಿಮ್ಮ ಮನೆಯಲ್ಲೂ ರಾತ್ರಿಯ ಫೋನನ್ನು ಎತ್ತುತ್ತಿದ್ದವರು ತಾಯಿಯೇ ಇರಬೇಕು. ಅಪ್ಪ ಒಬ್ಬ ರೋಗಿಯ ಮನೆಯಲ್ಲಿರುವಾಗ ಇನ್ನೊಬ್ಬರ ಕರೆ ಬಂದರೆ ಅವರನ್ನು ಹುಡುಕಿ ಹೇಳುವುದು, ಉಸಿರು ಸಿಗದೆ ಒದ್ದಾಡುವವನ ಹೆಂಡತಿಗೆ ಕಿಟಕಿ ತೆರೆದು ದಿಂಬು ಎತ್ತರಿಸಲು ಹೇಳಿ ಅಪ್ಪ ತಲುಪುವವರೆಗೆ ಮಾತಾಡುತ್ತಿರುವುದು, ಇದೆಲ್ಲ ನನ್ನ ಅಮ್ಮ ಸಂಬಳವಿಲ್ಲದೆ ಮಾಡಿದ ಕೆಲಸ. 1982ರ ಜನವರಿಯ ಹಿಮಪಾತದಲ್ಲಿ ಸೌತ್ ವೇಲ್ಸ್‌ನ ರಸ್ತೆಗಳೆಲ್ಲ ಮುಚ್ಚಿದಾಗ ಅಪ್ಪ ಕಾಲ್ನಡಿಗೆಯಲ್ಲಿ ಹೊರಟರೆ, ಯಾವ ಬೀದಿಯಲ್ಲಿ ಯಾರ ಮನೆ ಮೊದಲು ಎಂದು ಚೀಟಿ ಬರೆದುಕೊಟ್ಟವರು ಅಮ್ಮ. ಆ ಊರನ್ನು ಅವರು ನಡೆದು ಕಲಿತದ್ದಕ್ಕಿಂತ ಫೋನಿನಲ್ಲಿ ಕೇಳಿ ಕಲಿತದ್ದೇ ಹೆಚ್ಚು. ಅಂಥ ಊರನ್ನು ಅಲ್ಲಿ ಹುಟ್ಟಿ ಬೆಳೆದ ಯಾರೂ ಬರೆಯಲಾರರು. ಬರೆದರೆ ನಾವೇ ಬರೆಯಬೇಕು.

ಆದ್ದರಿಂದ ನಿಮ್ಮದನ್ನು ಬರೆದಿಟ್ಟ ಮೇಲೆ ತಾಯಿಯ ಹತ್ತಿರ ಕುಳಿತುಕೊಳ್ಳಿ, ಬರೆದದ್ದನ್ನು ಮಾತ್ರ ಅವರಿಗೆ ಓದಿ ಹೇಳಬೇಡಿ. ಬೀದಿ ಊಟ ನೆನಪಿದೆಯಾ ಎಂದು ಕೇಳಿದರೆ ಇದೆ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಮಳೆ ಹಿಡಿದ ದಿನಗಳಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಿದ್ದಿರಿ, ಇಂಗು ತೊಗರಿಬೇಳೆ ಮುಗಿದರೆ ಏನು ಮಾಡುತ್ತಿದ್ದಿರಿ, ರಾತ್ರಿ ಹೆಚ್ಚು ಸಲ ಫೋನ್ ಮಾಡುತ್ತಿದ್ದವರು ಯಾರು ಎಂದು ಕೇಳಿ. ಮೊದಲನೆಯ ಉತ್ತರ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ನನ್ನ ಅಮ್ಮ ಹೇಳಿದ ಒಳ್ಳೆಯದೆಲ್ಲ ಆ ಮೌನದ ನಂತರವೇ ಬಂದದ್ದು.

ಊರಿಗೆ ಹೋಗುವುದನ್ನು ಕೊನೆಗೆ ಇಟ್ಟುಕೊಳ್ಳಿ. ಮಾರ್ಡಿಯ ಗಣಿ 1990ರ ಡಿಸೆಂಬರ್‌ನಲ್ಲಿ ಮುಚ್ಚಿತು. ರಾಟೆ ಗೋಪುರದ ಅರ್ಧ ಚಕ್ರವೊಂದನ್ನು ಈಗ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ಹೊಳೆ ತಿಳಿಯಾಗಿದೆ. ಊರಿನವರಿಗೆ ಅದು ಒಳ್ಳೆಯದೇ, ಆದರೆ ಹೋಗಿಬಂದ ಮೇಲೆ ಹಳೆಯ ಕಪ್ಪು ಹೊಳೆಯನ್ನು ಕಣ್ಣಮುಂದೆ ತಂದುಕೊಳ್ಳಲು ನನಗೆ ಕಷ್ಟವಾಗುತ್ತಿದೆ. ಗಣಿಯವರ ಧ್ವನಿಗಳನ್ನು ಕೇಳಬೇಕೆನಿಸಿದರೆ ಸ್ವಾನ್ಸಿ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಆರಂಭವಾದ ಸೌತ್ ವೇಲ್ಸ್ ಗಣಿ ಕಾರ್ಮಿಕರ ಗ್ರಂಥಾಲಯವಿದೆ, ಅವರ ಮಾತುಗಳ ಧ್ವನಿಮುದ್ರಣಗಳಿವೆ. ಅವೂ ಕಾಯುತ್ತವೆ.

ಕಾಯದೆ ಇರುವುದು ಪತ್ರಗಳು. ತೀರ್ಥಹಳ್ಳಿಯಲ್ಲಿ ನಿಮ್ಮ ಚಿಕ್ಕಮ್ಮ ಇದ್ದಾರೆಂದು ಬರೆದಿದ್ದೀರಿ; ತಾಯಿ ಅವರಿಗೆ ಬರೆದ ಏರೋಗ್ರಾಮ್‌ಗಳು ಅಟ್ಟದಲ್ಲೋ ಟ್ರಂಕಿನಲ್ಲೋ ಇರಬಹುದು, ಮನೆ ಸುಣ್ಣಬಣ್ಣಕ್ಕೆ ಬಂದಾಗ ಮೊದಲು ಹೊರಗೆ ಹೋಗುವುದು ಅವೇ. ಈ ವಾರವೇ ಹೋಗಿ. ಮಡಿಕೆಗಳನ್ನು ಎಳೆದು ಬಿಡಿಸಬೇಡಿ, ಹರಿಯುತ್ತವೆ. ಎರಡೂ ಬದಿಯ ಫೋಟೋ ತೆಗೆಯಿರಿ, ಮಡಚಿದ ಅಂಚಿನ ಮೇಲೆ ಅಡ್ಡಡ್ಡವಾಗಿ ಬರೆದ ಕೊನೆಯ ಸಾಲುಗಳನ್ನು ಬಿಡಬೇಡಿ. ಅಂಚೆಚೀಟಿ ಕೂಡಿಸುವ ಮಕ್ಕಳು ಮೂಲೆ ಕತ್ತರಿಸಿಕೊಂಡಿದ್ದರೆ ಹಿಂದಿನ ಬರಹವೂ ಅದರೊಂದಿಗೆ ಹೋಗಿರುತ್ತದೆ. ಅಂಥ ಜಾಗದಲ್ಲಿ ಊಹೆಯಿಂದ ಅಕ್ಷರ ತುಂಬಬೇಡಿ. ಒಳಗೆ ದಿನಾಂಕವಿಲ್ಲದಿದ್ದರೆ ಹೊರಗಿನ ಅಂಚೆಮುದ್ರೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಓದಿ, ವರ್ಷವಾದರೂ ಸಿಗುತ್ತದೆ.