ಮಳೆ ಹಿಡಿದ ಮನಸ್ಸಿಗೆ ಯಾವ ಭಾಷೆ?

ಶಿರಸಿ ಸೀಮೆಯ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ, ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಎರಡು ಎಕರೆ ಅಡಿಕೆ ತೋಟ, ಒಬ್ಬಳೇ ಮಗಳು. ಧಾರವಾಡದಲ್ಲಿ ಮನಶ್ಶಾಸ್ತ್ರ ಓದಿ ಪದವಿ ಮುಗಿಸಿರುವ ಅವಳಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದು ಆಪ್ತಸಮಾಲೋಚನೆಯ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೀಟು ಕೊಟ್ಟಿದೆ. ಸಾಲಕ್ಕೆ ಬ್ಯಾಂಕು ಮನೆಯ ಕಾಗದಪತ್ರ ಕೇಳುತ್ತಿದೆ. ಪತ್ರದ ಕೊನೆಯ ಸಾಲು ಹೀಗಿದೆ: “ನಾಲ್ಕು ಸಮಾಧಾನದ ಮಾತು ಹೇಳುವುದನ್ನು ಕಲಿಯಲು ಸಮುದ್ರ ದಾಟಬೇಕೇ? ನಮ್ಮ ಅಜ್ಜಿ ಯಾವ ಕಾಲೇಜಿಗೆ ಹೋಗಿದ್ದರು?”

ಮೊದಲು ಆ ಸಾಲಿನ ಬಗ್ಗೆಯೇ ನಿಮ್ಮೊಡನೆ ಜಗಳವಾಡಬೇಕಾಗಿದೆ. ಅಜ್ಜಿ ತಲೆ ನೇವರಿಸಿ “ದೇವರಿದ್ದಾನೆ, ಸರಿಹೋಗುತ್ತದೆ” ಎಂದರೆ ಆ ರಾತ್ರಿ ನಿದ್ದೆ ಬಂದೀತು. ಬದುಕುವುದೇ ಬೇಡವೆನಿಸಿದೆ ಎಂದು ಒಬ್ಬ ಹುಡುಗ ಬಾಯಿಬಿಟ್ಟಾಗ ಬೆಚ್ಚದೆ, ಗದರದೆ, ಉಪದೇಶಕ್ಕೆ ಇಳಿಯದೆ ಅವನ ಎದುರು ಕೂರುವುದು, ವೈದ್ಯರ ಬಳಿ ಕರೆದೊಯ್ಯುವ ಹೊತ್ತು ಯಾವುದೆಂದು ಗುರುತಿಸುವುದು ಕಲಿತು ಬರುವ ವಿದ್ಯೆ. ಕೇಳಿದ್ದನ್ನು ಮಾರನೆಯ ದಿನ ಪೇಟೆಗೆ ಹಂಚದಿರುವುದೂ ವಿದ್ಯೆಯೇ, ನಮ್ಮ ಊರುಗಳಲ್ಲಂತೂ. ಮಗಳು ಆರಿಸಿಕೊಂಡ ಕೆಲಸವನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ಇನ್ನು ಇಂಗ್ಲೆಂಡು. ಅಲ್ಲಿನ ಶಿಸ್ತನ್ನು ನಾನು ಅಲ್ಲಗಳೆಯುವುದಿಲ್ಲ. ಬ್ರಿಟನ್ನಿನ ಸಮಾಲೋಚಕರ ಸಂಘವಾದ ಬಿಎಸಿಪಿಯ ಮಾನ್ಯತೆ ಪಡೆದ ಕೋರ್ಸಿನಲ್ಲಿ ವಿದ್ಯಾರ್ಥಿಯು ಹಿರಿಯರ ಮೇಲ್ವಿಚಾರಣೆಯಲ್ಲಿ ಕನಿಷ್ಠ 100 ತಾಸು ನೊಂದವರ ಎದುರು ಕೂತಿರಬೇಕು. ಒಳ್ಳೆಯ ಕಟ್ಟುನಿಟ್ಟು. ಆದರೆ ಒಂದು ವರ್ಷದ ಕೋರ್ಸುಗಳೆಲ್ಲ ಅಂಥವಲ್ಲ. ಹೆಸರಿನಲ್ಲಿ ಸಮಾಲೋಚನೆ ಇದ್ದೂ ಸಿದ್ಧಾಂತವನ್ನಷ್ಟೇ ಓದಿಸುವಂಥವೂ ಇವೆ. ಮಗಳ ಕೋರ್ಸಿನಲ್ಲಿ ಎಷ್ಟು ತಾಸು? ಫೀಸನ್ನು ರೂಪಾಯಿಯ ಲೆಕ್ಕದಲ್ಲಿ ಬರೆದ ನೀವು ಅದನ್ನು ಬರೆದಿಲ್ಲ. ವಾರಕ್ಕೆ 20 ತಾಸು ದುಡಿದು ಖರ್ಚು ತೂಗಿಸುತ್ತಾಳೆ ಎಂದಿದ್ದೀರಿ. ತರಗತಿ ನಡೆಯುವ ದಿನಗಳಲ್ಲಿ ವೀಸಾ ಕೊಡುವ ಮಿತಿಯೇ ಅಷ್ಟು. ಅದರಲ್ಲಿ ಬಾಡಿಗೆ ಕಳೆದು ಎಷ್ಟು ಉಳಿದೀತು? ಮರಳಿ ಬಂದ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞೆ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಸಮಾಲೋಚನೆಯ ಪದವಿಯಿಂದ ಅದು ದಕ್ಕುವುದಿಲ್ಲ.

ಇವೆಲ್ಲ ಲೆಕ್ಕದ ಮಾತಾಯಿತು. ನನ್ನನ್ನು ಕಾಡುವುದು ಬೇರೆ.

ಸಿದ್ದಾಪುರದ ಕಡೆಯ ನನ್ನ ಸೋದರತ್ತೆಗೆ, ಮಾವ ತೀರಿಕೊಂಡ ಮೇಲೆ, ಎದೆ ಒತ್ತಿದ ಹಾಗೆ, ಊಟ ಸೇರದ ಹಾಗೆ ಆಗತೊಡಗಿತು. ಹುಬ್ಬಳ್ಳಿಗೆ ಮೂರು ಸಲ, ಮಂಗಳೂರಿಗೆ ಒಂದು ಸಲ. ಇಸಿಜಿ, ಸ್ಕ್ಯಾನಿಂಗ್, ಗ್ಯಾಸಿನ ಮಾತ್ರೆ. ಕೊನೆಗೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ, ಹೊರದೇಶದಲ್ಲಿ ಕಲಿತು ಬಂದ ಸಮಾಲೋಚಕಿಯ ಎದುರು ಕೂರಿಸಿದೆವು. ಒಳ್ಳೆಯ ಹುಡುಗಿ, ಮುಖದಲ್ಲಿ ಕರುಣೆಯಿತ್ತು. ಕೈಯಲ್ಲಿದ್ದ ಹಾಳೆ ನೋಡಿ ಕೇಳಿದಳು: “ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ನಿಮಗೆ ಯಾವುದರಲ್ಲೂ ಆಸಕ್ತಿ ಇರಲಿಲ್ಲ?” ಅತ್ತೆ ಸೆರಗು ಸರಿಮಾಡಿಕೊಂಡು, “ನನಗೇನೂ ಇಲ್ಲ ತಂಗೀ, ಆರಾಮಿದ್ದೇನೆ” ಎಂದರು. ಹಾಳೆಯಲ್ಲಿದ್ದ ಒಂಬತ್ತು ಪ್ರಶ್ನೆಗೂ ಅದೇ ಉತ್ತರ.

ಆ ವರ್ಷ ಅಡಿಕೆ ಸುಲಿಯುವ ಕಾಲ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತಿದ್ದಾಗ ಪಕ್ಕದ ಮನೆಯವಳು ಏನೋ ವಿಚಾರಿಸಿದಳು. ಅತ್ತೆ ಕೈಯಲ್ಲಿದ್ದ ಅಡಿಕೆಯಿಂದ ಕಣ್ಣೆತ್ತದೆ ಹೇಳಿದರು: “ಮನಸ್ಸಿಗೆ ಮಳೆ ಹಿಡಿದುಬಿಟ್ಟಿದೆ. ಎರಡು ವರ್ಷವಾಯಿತು, ಹೊಳವಾಗಲೇ ಇಲ್ಲ.”

ಮಳೆ ಹಿಡಿದ ಮನೆ ಹೇಗಿರುತ್ತದೆಂದು ನಿಮಗೆ ಬಿಡಿಸಿ ಹೇಳಬೇಕೇ? ಬಟ್ಟೆ ಒಣಗುವುದಿಲ್ಲ, ಗೋಡೆ ಬೆವರುತ್ತದೆ, ಕೊಳೆ ತಗುಲಿದ ಕಾಯಿ ತೋಟದಲ್ಲಿ ಉದುರುತ್ತಲೇ ಇರುತ್ತದೆ. ಪಕ್ಕದ ಮನೆಯವಳು, “ಆ ಮಳೆ ಶುರುವಾದದ್ದು ಯಾವತ್ತು ಅತ್ತೆ?” ಎಂದು ಮತ್ತೆ ಕೇಳಿದಳು. ಮಧ್ಯರಾತ್ರಿಯವರೆಗೂ ಅತ್ತೆ ಮಾತಾಡಿದರು. ಆಮೇಲೆ ವೈದ್ಯರ ಮಾತ್ರೆಯೂ ಬೇಕಾಯಿತು ಎನ್ನಿ. ವೈದ್ಯರಿಗೆ ಹೇಳಲು ಅವರಿಗೆ ಬಾಯಿ ಬಂದದ್ದು ಆ ರಾತ್ರಿ.

ನೋವು ತನ್ನದೇ ಮಾತಿನಲ್ಲಿ ಬಾಯಿಬಿಡುತ್ತದೆ ಎಂಬುದನ್ನೇ ಬಹಳ ಓದಿ ತಿಳಿದವರೂ ಹೇಳಿದ್ದಾರೆ. 1990ರ ದಶಕದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಜಿಂಬಾಬ್ವೆಯಲ್ಲಿದ್ದಾಗ ಅಲ್ಲಿನ ಶೋನಾ ಭಾಷೆಯ ‘ಕುಫುಂಗಿಸಿಸಾ’ ಎಂಬ ಮಾತನ್ನು ಅಭ್ಯಾಸ ಮಾಡಿದರು. ಅತಿಯಾಗಿ ಯೋಚಿಸುವುದು ಎಂದು ಅರ್ಥ. ನಮ್ಮವರು ಯೋಚನೆ ಹತ್ತಿಕೊಂಡಿದೆ ಎನ್ನುವುದಿಲ್ಲವೇ, ಹಾಗೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಮನೋರೋಗಗಳ ಕೈಪಿಡಿಯಲ್ಲಿ ಆ ಶೋನಾ ಪದಕ್ಕೆ ಜಾಗ ಸಿಕ್ಕಿತು. ಅದೇ ಪಟೇಲ್ ಮತ್ತು ಸಂಗಡಿಗರು ಕಾರವಾರದಿಂದ ಕಾಳಿ ದಾಟಿದರೆ ಸಿಗುವ ಗೋವೆಯಲ್ಲಿ, ವೈದ್ಯಕೀಯ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಮಾಲೋಚಕರನ್ನಾಗಿ ಕೂರಿಸಿದರು. ಅಂಥ ಸಮಾಲೋಚಕರಿದ್ದ ಸರ್ಕಾರಿ ಕೇಂದ್ರಗಳಲ್ಲಿ ಹೆಚ್ಚು ರೋಗಿಗಳು ಚೇತರಿಸಿಕೊಂಡ ವರದಿ 2010ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಪಟೇಲರೂ ಇಂಗ್ಲೆಂಡಿನಲ್ಲಿ ಕಲಿತವರೇ, ಒಪ್ಪುತ್ತೇನೆ. ಆದರೆ ಅವರು ಹೋಗುವ ಮೊದಲು ಮುಂಬಯಿಯಲ್ಲಿ ವೈದ್ಯರಾಗಿದ್ದರು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಂಥ ಮಾತುಗಳನ್ನು ಕೂಡಿಟ್ಟವರು ಯಾರು? ಕರಾವಳಿಯ ಕೊಂಕಣಿಯಲ್ಲಿ, ಹಾಲಕ್ಕಿಗಳ ಕನ್ನಡದಲ್ಲಿ, ಯಲ್ಲಾಪುರದ ಸಿದ್ದಿಗಳ ಮನೆಯಲ್ಲಿ ದುಃಖಕ್ಕೆ ಏನೆನ್ನುತ್ತಾರೆ? ಕಾಲೇಜಿನಲ್ಲಿ ಮಕ್ಕಳು ‘ಡಿಪ್ರೆಷನ್’ ಎಂದು ಓದುತ್ತಾರೆ, ಪರೀಕ್ಷೆಗೆ ‘ಖಿನ್ನತೆ’ ಎಂದು ಬರೆಯುತ್ತಾರೆ. ನನಗೆ ಖಿನ್ನತೆ ಬಂದಿದೆ ಎಂದು ಅಡುಗೆಮನೆಯಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ಅವರ ಹಿಂದೆ ಒಂದು ಪಡೆಯೇ ಬರಬೇಕಿತ್ತು.

2022ರಲ್ಲಿ ನಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕೆಂದು ಊರೂರು ಕೂಗಿದೆವು. ಆ ಕೂಗಿನಲ್ಲಿ ಹೃದಯವಿತ್ತು, ಅಪಘಾತವಿತ್ತು. ಮನಸ್ಸಿನ ಮಾತು ನನ್ನ ಕಿವಿಗೆ ಬೀಳಲಿಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ ಮುದುಕರಿಬ್ಬರೇ ಉಳಿದ ತೋಟದ ಮನೆಗಳಿವೆ. ನಲವತ್ತಾದರೂ ಹೆಣ್ಣು ಸಿಗದೆ ಮದುವೆಮನೆಗಳಿಗೇ ಹೋಗುವುದನ್ನು ಬಿಟ್ಟ ಕೃಷಿಕರಿದ್ದಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿಯ ದಂಡೆಯಲ್ಲಿ ಈಗಲೂ ಮಳೆಯ ಸದ್ದಿಗೆ ಬೆಚ್ಚಿ ಏಳುವವರಿದ್ದರೆ ಪಕ್ಕದಲ್ಲಿ ಕೂರುವವರು ಯಾರು? 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಉಚಿತವಾಗಿ ಮಾತಾಡುತ್ತಾರೆ. ಅದನ್ನಾದರೂ ಪ್ರತಿ ಸೊಸೈಟಿಯ ಗೋಡೆಗೆ ಬರೆಸಬಹುದಿತ್ತು.

ಆದ್ದರಿಂದ ಕಾಗದಪತ್ರವನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇಡಿ. ಮಗಳು ಧಾರವಾಡದಲ್ಲೇ ಎಂ.ಎ. ಮಾಡಲಿ, ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ರೋಗಿಗಳ ಜೊತೆಗಿರಲು ಅವಕಾಶ ಕೇಳಲಿ, ನಮ್ಮವರ ಮಾತಿನಲ್ಲೇ ಮೊದಲ ನೂರು ತಾಸು ಕೂರಲಿ. ಆಮೇಲೂ ಇಂಗ್ಲೆಂಡು ಬೇಕೆನಿಸಿದರೆ ತಡೆಯಬೇಡಿ. ಅಷ್ಟರೊಳಗೆ ಒಂದು ವಾರ ಬಿಡುವಿದ್ದರೆ ಅವಳನ್ನು ನಮ್ಮ ಅತ್ತೆಯ ಮನೆಗೆ ಕಳುಹಿಸಿ. ಕೊಯ್ಲು ಶುರುವಾಗಿದೆ, ಸುಲಿಯಲು ಕೈ ಸಾಲುತ್ತಿಲ್ಲ.